ಇಲ್ಲಿಂದ ಮುಂದೆ

ಹಲಗೆ ನಾಲ್ಕು ಅಡಿ, ಮಾತು ಉದ್ದ.
ಮಾಲೀಕರು ಚೀಟಿಯಲ್ಲಿ ಬರೆದು ಕಳಿಸಿದ್ದರು:
'ಇಲ್ಲಿಂದ ಮುಂದೆ ಹೋದವರ ಜವಾಬ್ದಾರಿ ಅವರದೇ.'
ಹಳದಿ ಬಳಿದು, ದಾರ ಹಿಡಿದು ಗೆರೆ ಹೊಡೆದು
ಬರೆಯುತ್ತ ಬಂದರೆ 'ಜವಾ'ಕ್ಕೇ ಅಂಚು ಮುಗಿಯಿತು.
ಒರೆಸಿ 'ಹೊಣೆ' ಎಂದು ಬರೆದೆ.
ಎರಡೇ ಅಕ್ಷರ. ಸಾಲು ಹಿಡಿಯಿತು,
ಕೆಳಗೆ ಜಾಗವೂ ಉಳಿಯಿತು, ತಲೆಬುರುಡೆ ಒಂದಕ್ಕೆ.
ಅದರ ಹಲ್ಲು ಚೆನ್ನಾಗಿ ಬಂದವು.

ಶಹಾಬಾದಿನ ಆಚೆ, ರೈಲು ಹಳಿ ದಾಟಿ,
ನಿಂತುಹೋದ ಫರ್ಸಿ ಖಣಿ.
ತಳದಲ್ಲಿ ಹಸಿರುಗಟ್ಟಿದ ಮಳೆನೀರು,
ದಂಡೆಗೆ ಒಡೆದ ಚೂರುಗಳ ಗುಡ್ಡ.
ಮೂವತ್ತು ವರ್ಷ ಯಾರ ಮನೆಯ ನೆಲಕ್ಕೂ
ಹೊಂದದೆ ಬಿದ್ದ ಕಲ್ಲು.
ಗೇಟಿನಲ್ಲಿ ಹವಾಲ್ದಾರ ಚಂದ್ರಶಾ,
ಎಡಗೈಯ ಎರಡು ಬೆರಳು ಹಿಮಕ್ಕೆ ಕೊಟ್ಟು ಬಂದವನು.

ನಾನು ಬ್ರಶ್ ತೊಳೆಯುವಾಗ ಹೇಳಿದ:
"ಗುಲ್ಮಾರ್ಗದಾಗ ಹಿಂಗೇ ಒಂದು ಹಗ್ಗ ಇರ್ತಿತ್ರಿ, ಪೇಂಟರ್.
ಹಗ್ಗದ ಈಕಡಿ ಜಾರೋರಿಗೆ ನಾವು ಇದ್ವಿ.
ಅವರು ಏಳೂದ್ರಾಗ ಹಿಮ ತಿವಿದು ನೋಡಿ,
ಸಡಿಲಿದ್ದದ್ದು ಸಿಡಿಸಿ ಕೆಡವಿರ್ತಿದ್ವಿ.
ಆಕಡಿ ಹೋದ್ರ ಅವರವರ ಹಣೇಬಾರ.
ಅದೂ ಬೋರ್ಡಿನ ಮ್ಯಾಲೆ ಇತ್ತು, ಮೂರು ಭಾಷಾದಾಗ."

"ಆಕಡಿ ಏನಿತ್ತು?"
"ಏನೂ ಇಲ್ಲ. ಬಿಳೀದು. ಯಾರೂ ತುಳೀಲಾರದ್ದು.
ಅದಕ್ಕ ಹೋಗ್ತಿದ್ರು."

ಒಂದು ಫರ್ಸಿ ಎತ್ತಿ ಅಂಚು ತೋರಿಸಿದ.
ಪದರ, ಪದರ, ನಡುವೆ ಉಗುರಿನಷ್ಟು ಮಣ್ಣು.
"ಹಿಮಾನೂ ಹಿಂಗೇ ಕೂಡ್ತದ, ಹಾಸಗಿ ಮ್ಯಾಲೆ ಹಾಸಗಿ.
ಮ್ಯಾಲಿಂದು ಗಟ್ಟಿ, ಕೆಳಗಿಂದು ಗಟ್ಟಿ,
ನಡುವಿನದು ಸುಳ್ಳು.
ಒಂದು ಕಾಲು ಬಿದ್ರ ಸಾಕು."

ಭಾದ್ರಪದದ ಮಳೆ ನಿಂತ ಮೂರನೆಯ ದಿನ
ವಾಡಿಯ ಹುಡುಗ ಯಲ್ಲಾಲಿಂಗ, ಜೊತೆಗೆ ಇಬ್ಬರು,
ನನ್ನ ಬುರುಡೆಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡು
ತಂತಿ ಎತ್ತಿ ನುಸುಳಿದರು.
ಓದು ಬರುತ್ತಿತ್ತು. ಮೂವರಿಗೂ ಬರುತ್ತಿತ್ತು.
ಇದನ್ನು ಪೊಲೀಸರಿಗೂ ಹೇಳಿದೆ, ಯಾಕೆಂದರೆ
ಅವರು ಮೊದಲು ಕೇಳಿದ್ದು
ಅಕ್ಷರ ಕಾಣುವಷ್ಟು ದಪ್ಪ ಇತ್ತೇ ಎಂದು.

ಗುಡ್ಡ ಜಾರಿದ ಸಪ್ಪಳ
ನೂರು ಮನೆಯ ತಾಟು ಒಟ್ಟಿಗೆ ಬಿದ್ದಂತೆ.
ಆಮೇಲೆ ಒಂದು ತಾಟು.
ಆಮೇಲೆ ಇನ್ನೊಂದು.
ಚಂದ್ರಶಾ ಬೋರ್ಡು ದಾಟಿದ.
ದಾಟುವ ಮುನ್ನ ನಿಂತನಂತೆ, ಒಂದು ಉಸಿರಿನಷ್ಟು,
ಮೇಲೆ ಇನ್ನೂ ಏನು ನೇತಾಡುತ್ತಿದೆ ಎಂದು ನೋಡಲು.
ಎಂಟು ಬೆರಳಲ್ಲಿ ಕಲ್ಲು ತೆಗೆದ.
ಹುಡುಗ ಸೊಂಟದ ತನಕ ಹೂತಿದ್ದ. ಉಸಿರಿತ್ತು.
ಎಳೆದು ಹಾಕಿ ಮೊದಲು ಕಪಾಳಕ್ಕೆ ಹೊಡೆದ,
ಆಮೇಲೆ ನೀರು ಕುಡಿಸಿದ.

ಗೇಟು ಬಿಟ್ಟು ಹೋದದ್ದಕ್ಕೆ
ಒಂದು ದಿನದ ಪಗಾರ ಕಡಿತ.

"ತಪ್ಪು ಯಾರದ್ರಿ?" ಕೇಳಿದೆ.
"ಹುಡುಗಂದು. ಅದರಾಗ ಎರಡು ಮಾತಿಲ್ಲ.
ಬೋರ್ಡ್ ಖರೇನೇ ಅದ, ಅಳಿಸಬ್ಯಾಡ್ರಿ."
"ಮತ್ತ ನೀವ್ಯಾಕ ಹೋದ್ರಿ?"
ಬೀಡಿ ಬಾಯಿಗಿಟ್ಟ. ಕಡ್ಡಿ ಎರಡು ಸಲ ಆರಿತು.
"ಗುಲ್ಮಾರ್ಗದಾಗ ಒಂದ್ಸಲ ಹೋಗಲಿಲ್ಲ.
ಹುಕುಂ ಬರೋಬ್ಬರಿ ಇತ್ತು. ಹೋಗಿದ್ರ
ನಾವು ನಾಕೂ ಮಂದಿ ಅಲ್ಲೇ.
ಹಗ್ಗ ಹಿಡಕೊಂಡು ನಿಂತಿದ್ವಿ."
ಮೂರನೆಯ ಕಡ್ಡಿ ಹತ್ತಿತು.

ಹುಡುಗನ ಕಾಲು ಇನ್ನೂ ಕಲಬುರಗಿಯ ದವಾಖಾನೆಯಲ್ಲಿ,
ಸರಳು ಹಾಕಿದ್ದಾರೆ.
ಮಾಲೀಕರ ಹೊಸ ಚೀಟಿ ಬಂದಿದೆ:
ಹಲಗೆ ಎಂಟು ಅಡಿ, ಬುರುಡೆ ಬೇಡ,
'ಜವಾಬ್ದಾರಿ' ಎಂದೇ ಬರೆಯಬೇಕು, ವಕೀಲರ ಸಲಹೆ.
ಈ ಸಲ ಜಾಗ ಬೇಕಾದಷ್ಟಿದೆ.
ಇಷ್ಟು ವರ್ಷ ಬರೆದ ಮಾತು,
ಅದರ ಹೊಟ್ಟೆಯಲ್ಲಿ ಒಂದು ಜವಾಬು ಇದೆ ಎಂದು
ಇವತ್ತೇ ಕಂಡದ್ದು.
ಯಾರು ಕೇಳಿದ್ದಕ್ಕೆ, ಯಾರು ಕೊಡುವುದು,
ಚೀಟಿಯಲ್ಲಿ ಇಲ್ಲ.

'ಜವಾ' ಮುಗಿದಿದೆ. ಬಣ್ಣ ಒಣಗಲಿ ಎಂದು ಕೂತಿದ್ದೇನೆ.
ಗುಡ್ಡದ ಮೇಲಿಂದ ಒಂದು ಚೂರು ಉರುಳುತ್ತದೆ,
ನಿಲ್ಲುತ್ತದೆ.
ಗೇಟಿನಲ್ಲಿ ಕುರ್ಚಿ ಸರಿದ ಸದ್ದು.