ಸಿಕ್ಕು

ಶಾವಿಗೆ ಅಂತ ನಾನೇ ಇಟ್ಟ ಹೆಸರು.
ಬಿಟ್ಟುಹೋದ ಲೆಬನಾನಿನವರು ಬೇರೇನೋ ಕರೆಯುತ್ತಿದ್ದರು,
ಅದಕ್ಕೂ ತಲೆ ಎತ್ತುತ್ತದೆ, ಇದಕ್ಕೂ.
ಮೂರೂವರೆ ಕೇಜಿ. ಅದರಲ್ಲಿ ಒಂದು ಕೇಜಿ ಗುಂಗುರು
ಅಂತ ನನ್ನ ಲೆಕ್ಕ.

ಗುದೈಬಿಯಾದ ನಾಲ್ಕನೇ ಮಹಡಿ, ಆಗಸ್ಟು.
ತಣ್ಣೀರಿನ ನಲ್ಲಿ ತಿರುಗಿಸಿದರೆ ಕುದಿನೀರು,
ಸೂರ್ಯ ದಿನವಿಡೀ ತಾರಸಿಯ ಟ್ಯಾಂಕಿಗೆ ಉರಿ ಹಾಕಿರುತ್ತಾನೆ.
ಗೀಸರು ಆರಿಸಿ, ಅದರ ಹೊಟ್ಟೆಯಲ್ಲಿ ಆರಿದ ನೀರನ್ನೇ
ತಣ್ಣೀರೆಂದು ಬಕೆಟ್ಟಿಗೆ ಬಿಟ್ಟುಕೊಳ್ಳುವ ಊರು ಇದು.
ಸಿಂಕಿನಲ್ಲಿ ನಿಲ್ಲಿಸಿ ಮಗ್ಗು ಮಗ್ಗಾಗಿ ಹೊಯ್ದೆ.
ಒದ್ದೆಯಾದೊಡನೆ ನಾಯಿ ಮಾಯ:
ಕಡ್ಡಿಯಂಥ ಕಾಲು, ಎರಡು ಕಣ್ಣು, ಒಂದು ಆಕ್ಷೇಪಣೆ.

ದಿನಾ ಬಾಚುತ್ತಿದ್ದೆನಲ್ಲ,
ಬೇರೆಯವರ ಹಲ್ಲಿನ ಕಿಟ್ಟ ಕೆರೆದು ಬಂದ ಕೈಯಲ್ಲೇ
ಸೋಫಾದ ಮೇಲೆ ಹತ್ತು ನಿಮಿಷ, ಟೀವಿ ನೋಡುತ್ತ.
ಮೇಲೆ ಹಿಂಜಿದ ಅರಳೆ.
ಬುಡಕ್ಕೆ ಬೆರಳು ಹಾಕಿದರೆ ಕಂಬಳಿ.
ಕಿವಿಯ ಹಿಂದೆ, ಕಂಕುಳಲ್ಲಿ, ಕೊರಳಪಟ್ಟಿ ಉಜ್ಜುವಲ್ಲಿ
ಒಂದಕ್ಕೊಂದು ಹೆಣೆದು ಚರ್ಮಕ್ಕಂಟಿ ಬೆಳೆದದ್ದು
ನೀರು ಬಿದ್ದದ್ದೇ ಹುರಿಹಗ್ಗದ ಹಾಗೆ ಬಿಗಿಯಿತು.
ವಸಡಿನ ಗೊಡವೆಗೆ ಹೋಗದೆ ಮೇಲಷ್ಟೇ ಉಜ್ಜುವವರನ್ನು
ದಿನಕ್ಕೆ ಹದಿನಾಲ್ಕು ಸಲ ಗದರಿಸುವವಳು ನಾನು.
ಕತ್ತರಿ ತಂದೆ. ಕೂದಲು ಎಲ್ಲಿ ಮುಗಿದು ಚರ್ಮ ಎಲ್ಲಿ ಶುರು?
ಕೈ ನಡುಗಿ ಇಟ್ಟುಬಿಟ್ಟೆ.

ಮರುದಿನ ಸಂಜೆ ಕೆಳಗೆ, ಮರಳಿನ ಖಾಲಿ ಜಾಗದಲ್ಲಿ
ಗುರುಗುಟ್ಟುತ್ತ ಬಂದು ನಿಂತಿತು ಬಿಳಿ ವ್ಯಾನು.
ಒಳಗೆ ಎಸಿ, ಟಬ್ಬು, ಮೇಜು, ಮೇಜಿಗೊಂದು ಕುಣಿಕೆ,
ಬ್ಲೋಯರು ಹಿಡಿದ ಮನಿಲಾದ ರೋಡೆಲ್,
ಕ್ಲಿಪ್ಪರಿಗೆ ಎಣ್ಣೆ ಬಿಡುತ್ತಿದ್ದ ಇನ್ನೊಬ್ಬ.
ಫೋನಿನಲ್ಲಿ ನಾನು ತಂಗಿಗೆ ಬೈಯುವುದು ಕೇಳಿ
"ಅಕ್ಕಾರ, ಕನ್ನಡದವ್ರೇನ್ರಿ?" ಅಂದ.
ಅಂದಾನೆಪ್ಪ ಹಡಪದ. ರೋಣದ ಕಡೆಯವನು.

ಬೆರಳಲ್ಲೇ ಓದಿದ, ಬೆನ್ನಿನಿಂದ ಹೊಟ್ಟೆಯವರೆಗೆ.
"ಒಣಾ ಇದ್ದಾಗ ಸಿಕ್ಕ ಬಿಡಸಬೇಕ್ರಿ, ಆಮ್ಯಾಲೆ ಜಳಕ.
ನೀವು ಉಲ್ಟಾ ಮಾಡೀರಿ."
"ಉಳಿಸೋಕೆ ಆಗಲ್ವಾ?"
"ಉಳಸಬಹುದು. ನೋವು ಅದಕ್ಕ, ಚಂದ ನಿಮಗ."
ಬೋಳಿಸು ಅಂದೆ.

ಅಂಗಿ ಕಳಚಿದಂತೆ ಇಡಿಯಾಗಿ
ಕಂಬಳಿ ಬೆನ್ನಿನಿಂದ ಜಾರಿತು.
ಒಳಗಿದ್ದದ್ದು ನಸುಗೆಂಪು ಬಣ್ಣದ ಇನ್ನೊಂದು ಪ್ರಾಣಿ,
ಪಕ್ಕೆಯಲ್ಲಿ ಯಾವಾಗಿನದೋ ಹೊಲಿಗೆಯ ಗುರುತು.
ನಾಲ್ಕು ತಿಂಗಳು ಮಡಿಲಲ್ಲಿಟ್ಟುಕೊಂಡಿದ್ದೆ, ನೋಡಿರಲಿಲ್ಲ.

ಕ್ಲಿಪ್ಪರು ಬಿಸಿಯಾಯಿತೇ ಅಂತ ಮುಂಗೈಗೆ ಮುಟ್ಟಿಸಿ ನೋಡಿ,
ಆರಲು ಬಿಟ್ಟು, ಮಾತಾಡುತ್ತಿದ್ದ:
"ನಮ್ಮಪ್ಪ ವಾಡೇದ ಹಿತ್ತಲದಾಗ ಕುಂತು ಮಾಡ್ತಿದ್ದ.
ಅಂವ ಮುಟ್ಟಿದ ಮ್ಯಾಲೆ ಅವರು ಜಳಕಾ ಮಾಡವ್ರು.
ವರ್ಷಕ್ಕೊಮ್ಮೆ ಜ್ವಾಳ.
ನಾ ಕತ್ತರಿ ಹಿಡಿಯಂಗಿಲ್ಲ ಅಂತ ಐಟಿಐ ಮಾಡಿ ಬಂದೆ, ಎಸಿ ರಿಪೇರಿ.
ಕಂಪನಿ ಮುಚ್ಚಿತು. ಈ ವ್ಯಾನಿನ ಎಸಿ ನೋಡಾಕ ಬಂದಾಂವ,
ರೋಡೆಲ್ ಒಂದು ನಾಯಿ ಕಾಲ ಡೊಂಕ ಕತ್ತರಸ್ಲಿಕ್ಕತ್ತಿದ್ದ,
ಕೈ ತಡೀಲಿಲ್ಲ ನೋಡ್ರಿ."
ತನ್ನ ಹೆಸರು ಕೇಳಿ ರೋಡೆಲ್ ನಕ್ಕ.
ಶಾವಿಗೆ ಅಂದಾನೆಪ್ಪನ ಹೆಬ್ಬೆರಳು ನೆಕ್ಕುತ್ತಿತ್ತು.
"ಇವು ಮುಟ್ಟಿದ ಮ್ಯಾಲೆ ನೆಕ್ತಾವ್ರಿ," ಅಂದ,
ಮತ್ತೆ ಕ್ಲಿಪ್ಪರು ಹಚ್ಚಿದ, ಮುಂದಿನ ಮಾತು ಕೇಳಿಸಲಿಲ್ಲ.

ಹನ್ನೆರಡು ದಿನಾರು. ಜೊತೆಗೆ ಒಂದು ಸ್ಟೀಲು ಬಾಚಣಿಗೆ,
ಅದಕ್ಕೆ ದುಡ್ಡು ಬೇಡವೆಂದ.

ಈಗ ನವೆಂಬರು. ನಲ್ಲಿಯ ನೀರು ನೀರಿನ ಹಾಗಿದೆ.
ಟೀವಿ ಆರಿಸಿ ಕೂರುತ್ತೇನೆ.
ಬೈತಲೆ ತೆಗೆದ ಹಾಗೆ ಗೆರೆ ಗೆರೆ ಬಿಡಿಸಿ
ಬುಡದಿಂದ ತುದಿಗೆ, ಬುಡದಿಂದ ತುದಿಗೆ.
ಬಾಚಣಿಗೆ ನಿಂತಲ್ಲಿ ನಾನೂ ನಿಲ್ಲುತ್ತೇನೆ.
ಸಿಕ್ಕಿತು, ಅನ್ನುತ್ತೇನೆ.
ಚಿಟಿಕೆ ಜೋಳದ ಹಿಟ್ಟು ಉದುರಿಸಿ ಎರಡು ಉಗುರಲ್ಲಿ ಸೀಳುತ್ತೇನೆ,
ಅದು ಆಕಳಿಸುತ್ತದೆ.

ಪಕ್ಕೆಯ ಗುರುತು ಮತ್ತೆ ಮುಚ್ಚಿಕೊಂಡಿದೆ.
ಎಲ್ಲಿದೆ ಅಂತ ಬೆರಳಿಗೆ ಗೊತ್ತು.