ಕೊಳವೆ ಹಿಡಿದವರು

ಹೋಬಾರ್ಟಿನ ಆಸ್ಪತ್ರೆಯ ಕಾರಿಡಾರಿನಲ್ಲಿ
ನೋಲಾ ಟ್ರಿಫಿಟ್ ಕೇಳಿದ್ದು ಒಂದೇ ಪ್ರಶ್ನೆ:
"ಕೊಳವೆ ಯಾರ ಕೈಯಲ್ಲಿರುತ್ತೆ?"
ಸರ್ಜನ್ನಿಗೆ ಅರ್ಥವಾಗಲಿಲ್ಲ.
ನನ್ನ ಕೈಯಲ್ಲಿ, ಎಂದೆ.

ಮೂವತ್ತೊಂದು ವರ್ಷ ಅವಳ ಗಂಡ
ದಕ್ಷಿಣದ ಕೊರೆಯುವ ಕಡಲಿಗಿಳಿದು
ಬಂಡೆ ಕಚ್ಚಿದ ಅಬಲೋನಿ ಚಿಪ್ಪು ಕಿತ್ತವನು.
ಮೇಲೆ ದೋಣಿಯಲ್ಲಿ ಕಂಪ್ರೆಸರು, ಹಳದಿ ಕೊಳವೆ,
ಪಕ್ಕದಲ್ಲಿ ಇವಳು.
ರೇಡಿಯೋ ಕೂಡ ಹಾಕದೆ
ನೀರ ಮೇಲಿನ ಗುಳ್ಳೆ ಕಾಯುವುದೇ ಕೆಲಸ.

ಈಗ ಅವನು ಬೇರೊಂದು ಆಳದಲ್ಲಿ.
ಎದೆ ತೆರೆದಿದೆ. ಹೃದಯ ನಿಂತಿದೆ, ನಿಲ್ಲಿಸಿದ್ದೇವೆ.
ನನ್ನ ಯಂತ್ರದ ಉರುಳೆಗಳು ರಕ್ತ ದೂಡುತ್ತಿವೆ
ಗಾಣದ ಹಾಗೆ ಸಣ್ಣಗೆ ನರಳುತ್ತ.
ರಕ್ತದ ಆಮ್ಲಜನಕ ತೊಂಬತ್ತೊಂಬತ್ತು.
ಹಣೆಗಂಟಿಸಿದ ಪಟ್ಟಿ ಮಿದುಳು ಕ್ಷೇಮ ಎನ್ನುತ್ತದೆ.
ಎಲ್ಲ ಸರಿ.

ಎಲ್ಲ ಸರಿ ಎಂಬ ಮಾತನ್ನು
ಹಿಂದೊಮ್ಮೆ ನಂಬಿದ್ದೆ.
ಆ ಸಲ ಹೃದಯ ಗೆದ್ದಿತು,
ಮೂರನೆಯ ದಿನ ಮೂತ್ರದ ಚೀಲ ಒಣಗಿತ್ತು.
ಆ ಹೆಂಗಸು ಈಗಲೂ ವಾರಕ್ಕೆ ಮೂರು ಸಲ
ಕೆಳಮಹಡಿಗೆ ಡಯಾಲಿಸಿಸ್ಸಿಗೆ ಬರುತ್ತಾಳೆ,
ಲಿಫ್ಟಿನಲ್ಲಿ ಸಿಕ್ಕರೆ ನಗುತ್ತಾಳೆ.
ನಾನು ಯಾರೆಂದು ಅವಳಿಗೆ ಗೊತ್ತಿಲ್ಲ.

ಮೂತ್ರಪಿಂಡದ ಒಳತಿರುಳು
ಕಡೇ ಪಂಕ್ತಿಗೆ ಕೂತ ಜೀವ.
ಹೊರಸುತ್ತಿನವರು ಉಂಡು ಉಳಿದದ್ದು ಅದರ ಪಾಲು.
ಪಾತ್ರೆ ತಳ ಕಂಡಾಗ ಮೊದಲು ಹಸಿಯುವುದು ಅದೇ,
ಆದರೂ ಕೂಗುವುದಿಲ್ಲ.
ಊಟವಾಯಿತೇ ಎಂದರೆ ಆಯಿತು ಎಂದೀತು.

ಅದಕ್ಕೇ ಈ ಸಲ ಮೂತ್ರದ ನಳಿಗೆಯೊಳಗೆ
ಕೂದಲೆಳೆಯಂಥ ಒಂದು ಗಾಜಿನ ತಂತು.
ಇಳಿದು ಬರುವ ಹನಿಹನಿಯನ್ನೂ ವಿಚಾರಿಸುತ್ತದೆ:
ಮೇಲೆ ಉಸಿರಿತ್ತೇ?
ಇಪ್ಪತ್ತೆಂಟು. ಇಪ್ಪತ್ತನಾಲ್ಕು.
ಹತ್ತೊಂಬತ್ತು.
ಉಳಿದ ಪರದೆಗಳೆಲ್ಲ ಹಸಿರು.
ಹದಿನಾಲ್ಕು.

"ಹರಿವು ಏರಿಸುತ್ತೇನೆ."
ಸರ್ಜನ್ ತಲೆಯೆತ್ತಲಿಲ್ಲ, ಹೊಲಿಗೆ ನಡೆದಿತ್ತು.
ಅರಿವಳಿಕೆಯ ಡಾಕ್ಟರು ಒತ್ತಡ ತುಸು ಮೇಲೆತ್ತಿದರು.
ಗುಂಡಿ ತಿರುಗಿಸಿದೆ, ಎಳ್ಳಷ್ಟು, ಮತ್ತೆ ಎಳ್ಳಷ್ಟು.
ಕಾಯುವಾಗ ನಿಮಿಷ ಜಿಗುಟು.
ಅಷ್ಟು ದೂರದಿಂದ ಇಳಿದು ಬರುವ ಸುದ್ದಿ
ಯಾವಾಗಲೂ ಹಳೆಯ ಸುದ್ದಿ.
ಹದಿನಾಲ್ಕು. ಹದಿನಾಲ್ಕು.

ಹದಿನೇಳು.

ಮರುದಿನ ಬೆಳಿಗ್ಗೆ ನೋಲಾ ಮಂಚದ ಬದಿಗೆ ಬಗ್ಗಿ
ತೂಗುಬಿದ್ದ ಚೀಲದ ಕೆಳಗೆ ಅಂಗೈ ಕೊಟ್ಟಳು,
ಅವತ್ತು ಸಿಕ್ಕ ಚಿಪ್ಪಿನ ಬುಟ್ಟಿ ತೂಗುವಂತೆ.
ಭಾರವಿತ್ತು.
ನಾನು ಉಳಿಸಿದೆನೋ, ತಾನೇ ಉಳಿಯಿತೋ, ಹೇಳಲಾರೆ;
ಆಗದೇ ಹೋದ ಅನಾಹುತಕ್ಕೆ ರಸೀದಿ ಕೊಡುವವರಿಲ್ಲ.
ಅವಳೂ ಥ್ಯಾಂಕ್ಸ್ ಅನ್ನಲಿಲ್ಲ.
ನನ್ನ ಕೈ ಹಿಡಿದು, ಬೆರಳು ಮುಟ್ಟಿ ನೋಡಿ ಕೇಳಿದಳು:
"ಮೇಲೆ ಕೂತವರಿಗೂ ಅಷ್ಟೇ ಚಳಿ, ಅಲ್ವಾ?"