ಯಾವ ಬೂದಿ

ಬೆಲ್ಲು ಹೊಡೆದ ಮೇಲೆ ಮೊದಲ ಕೆಲಸ
ಡೆಸ್ಕು ಒರೆಸುವುದು.
ರಾತ್ರಿಯಿಡೀ ಥರ್ಮಲ್ಲಿನ ಚಿಮಣಿ ಉದುರಿಸಿದ್ದು
ಮೊಣಕೈಗೆ ಹತ್ತುತ್ತದೆ, ಹಾಜರಿ ಪುಸ್ತಕಕ್ಕೂ.
ಗಾದಿಲಿಂಗ ಅದರಲ್ಲೇ ಬೆರಳಾಡಿಸಿ ಹೆಸರು ಬರೆದು
ಜಾಗ ಸಾಲದೆ, ಕೊನೆಯ ಅಕ್ಷರವನ್ನು
ಪಕ್ಕದವನ ಡೆಸ್ಕಿಗೆ ದಾಟಿಸಿದ್ದಾನೆ.

ಇವತ್ತು ಶಿಲಾಯುಗ.
ಪುಸ್ತಕದಲ್ಲಿ ನಮ್ಮೂರಿಗೆ ಸಿಕ್ಕಿದ್ದು ಅರ್ಧ ಸಾಲು;
ಅದನ್ನೇ ಬೋರ್ಡಿನ ತುಂಬ ಬರೆದೆ:
ಕುಡತಿನಿ, ಬೂದಿದಿಬ್ಬ.

"ಯಾವ ಬೂದಿರೀ ಮಿಸ್?"
ಹೊನ್ನೂರಬೀ ಕೇಳಿದಳು, ತುಂಟತನವಿಲ್ಲದೆ.
"ನಮ್ಮ ಮಾಳಿಗಿ ಮ್ಯಾಲಿಂದಾ?"

ನಗು ಮುಗಿಯಲಿ ಎಂದು ಕಾದೆ.
ಸಗಣಿಯದು, ಅಂದೆ.
ನಾಲ್ಕು ಸಾವಿರ ವರ್ಷದ ಹಿಂದೆ ದನ ಸಾಕಿದವರು
ಒಟ್ಟಿ ಒಟ್ಟಿ ಸುಟ್ಟದ್ದು.
ಹಬ್ಬಕ್ಕೋ, ರೋಗಕ್ಕೋ, ನೊಣ ಓಡಿಸಲಿಕ್ಕೋ,
ಬಲ್ಲವರು ಇನ್ನೂ ಜಗಳಾಡುತ್ತಿದ್ದಾರೆ.

"ಎಷ್ಟು ಮಾರ್ಕ್ಸಿಗೆ ಬರ್ತದ್ರಿ?"

ಗೊತ್ತಿಲ್ಲ ಎಂಬ ಉತ್ತರಕ್ಕೆ ಎಷ್ಟು ಅಂಕ,
ನೀಲನಕ್ಷೆ ಹೇಳುವುದಿಲ್ಲ.

ಶನಿವಾರ, ಲಾರಿಗಳ ಮಗ್ಗುಲಲ್ಲೇ
ಸಾಲು ಹಿಡಿದು ದಿಬ್ಬಕ್ಕೆ ನಡೆದೆವು.
ಟಿಪ್ಪಣಿ ಬರೆಯಿರಿ ಅಂದದ್ದು ಗಾಳಿಗೆ ಹೋಯಿತು.
ಹೊನ್ನೂರಬೀ ಬಿದ್ದಿದ್ದ ಹೆಂಟೆಯೊಂದನ್ನು ಎತ್ತಿ,
ಒಲೆಯ ಮುಂದೆ ಕೂತಂತೆ ಕುಕ್ಕರುಗಾಲಲ್ಲಿ ಕೂತು,
ತಿರುವಿ ತಿರುವಿ ನೋಡಿದಳು.
"ಹಸಿ ಕುಳ್ಳು ಹಿಂಗ ಬೇಯಂಗಿಲ್ರಿ.
ಒಣಗಿಸ್ಯಾರ. ಗೂಡು ಕಟ್ಟ್ಯಾರ.
ಯಾರೋ ಒಬ್ಬಾಕಿ ಗಾಳಿ ನೋಡಿ ಹಚ್ಯಾಳ."

ಒಬ್ಬಾಕಿ.
ನನ್ನ ಇಪ್ಪತ್ತು ವರ್ಷದ ನೋಟ್ಸಿನಲ್ಲಿ
ಇದ್ದದ್ದು 'ಮಾನವ' ಮಾತ್ರ,
ಅವನು ಸಾಕಿದ, ಅವನು ಸುಟ್ಟ.

ಸೋಮವಾರ ಗಾದಿಲಿಂಗ ಡೆಸ್ಕು ಒರೆಸಲಿಲ್ಲ.
"ಇರ್ಲಿ ಬಿಡ್ರಿ ಮಿಸ್.
ಇನ್ನ ನಾಲ್ಕ್ ಸಾವಿರ ವರ್ಷ ಬಿಟ್ಟು
ಯಾರಿಗರ ಪಾಠಕ್ಕ ಬೇಕಾಕ್ಕತಿ."

ಒರೆಸು, ಅಂದೆ.
ಒರೆಸಿದ, ಹೆಸರೊಂದನ್ನು ಬಿಟ್ಟು.
ಸಂಜೆಗೆ ಅದೂ ಮುಚ್ಚಿತ್ತು.